ಪಟವನ್ನು ಎಷ್ಟೆತ್ತರಕ್ಕೆ ತೂಗಬೇಕು?

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯನ್ನು ಬಿಳಿಕೆರೆಯಲ್ಲಿ ಬಿಟ್ಟು ಕೆ.ಆರ್. ನಗರದ ಕಡೆಗೆ ಬಲಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲೇ ನಮ್ಮ ದೊಡ್ಡಪ್ಪನ ಊರು. ಹಳೆಯ ತೊಟ್ಟಿಮನೆ ಕೆಡವಿ ಕಟ್ಟಿದ ಹೊಸ ಮನೆಯ ಗೃಹಪ್ರವೇಶಕ್ಕೆ ಎರಡು ವಾರ ಇದ್ದಾಗ ಅಲ್ಲಿಗೆ ಹೋಗಿದ್ದೆ. ಒಳಾಂಗಣದ ಕೆಲಸ ಹಿಡಿದಿದ್ದ ಹುಡುಗ ಹಾಲಿನ ಗೋಡೆಗೆ ಟೇಪು ಹಿಡಿದು ಪೆನ್ಸಿಲ್ಲಿನಲ್ಲಿ ಒಂದು ಗುರುತು ಹಾಕಿದ. ನೆಲದಿಂದ 57 ಇಂಚು. ನಮ್ಮ ತಾತನ ಪಟದ ನಡುಮಧ್ಯ ಸರಿಯಾಗಿ ಅಲ್ಲಿಗೆ ಬರಬೇಕಂತೆ.

"ಅಷ್ಟು ಕೆಳಕ್ಕೆ ಬ್ಯಾಡ ಕಣಪ್ಪ" ಅಂದರು ದೊಡ್ಡಮ್ಮ.

"ಅಮ್ಮ, ಅದು ಐ ಲೆವೆಲ್ಲು. ಕಣ್ಣಿನ ಸಮಕ್ಕೆ ಇರಬೇಕು."

"ಅವರು ಬದುಕಿದ್ದಾಗ್ಲೇ ಯಾರ ಸಮಕ್ಕೂ ನಿಂತೋರಲ್ಲ. ಈಗ ನೀನು ನಿಲ್ಲಿಸ್ತೀಯಾ?"

ಹುಡುಗ ನಕ್ಕ. ನಾನೂ ನಕ್ಕೆ. ಆದರೆ ಆ ಪೆನ್ಸಿಲ್ಲಿನ ಗುರುತು ನನ್ನ ತಲೆಯಲ್ಲಿ ಉಳಿಯಿತು. ಊರಿಗೆ ಮರಳಿದ ಮೇಲೆ ಮನೆ ಅಲಂಕಾರದ ಮೂಲತತ್ವಗಳನ್ನು ಹೇಳುವ ಬರಹಗಳನ್ನು, ಒಂದು ಸಾಹಿತ್ಯಕೃತಿಯನ್ನು ಓದುವ ಹಾಗೆ, ಅನುಮಾನ ಇಟ್ಟುಕೊಂಡೇ ಓದತೊಡಗಿದೆ.

ಆ ತತ್ವಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಸಮತೋಲ, ಪ್ರಮಾಣ, ಲಯ, ವೈದೃಶ್ಯ, ಏಕತೆ, ಕಣ್ಣನ್ನು ಹಿಡಿದು ನಿಲ್ಲಿಸುವ ಒಂದು ಕೇಂದ್ರ. ಕಾವ್ಯಮೀಮಾಂಸೆ ಓದಿದವರಿಗೆ ಹಳೆಯ ನೆಂಟರನ್ನು ಕಂಡಂತಾಗುತ್ತದೆ. ಇವುಗಳಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ಇರುವುದು ಇವುಗಳ ಹಿಂದೆ ಮಾತಾಡದೆ ನಿಂತಿರುವ ವ್ಯಕ್ತಿಯ ಬಗ್ಗೆ. ಆತ ಬಾಗಿಲಲ್ಲಿ ನಿಂತು ಕೋಣೆಯನ್ನು ನೋಡುತ್ತಿದ್ದಾನೆ. ಕೋಣೆಯೊಳಗೆ ಅವನಿಗೆ ಕೆಲಸವಿಲ್ಲ.

57 ಇಂಚಿನ ಲೆಕ್ಕವನ್ನೇ ನೋಡಿ. ಅದು ಕಲಾ ಗ್ಯಾಲರಿಗಳ ಅಳತೆ. ಅಲ್ಲಿ ಜನ ನಿಂತು, ನಡೆದು ಚಿತ್ರ ನೋಡುತ್ತಾರೆ. ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ನಿಂತುಕೊಂಡು ಯಾರೂ ಏನನ್ನೂ ನೋಡುತ್ತಿರಲಿಲ್ಲ. ಕೂರುತ್ತಿದ್ದರು, ಅದೂ ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು. ಹಾಗೆ ಕೂತವರ ಕಣ್ಣು ಇರುವುದು ನೆಲದಿಂದ ಎರಡೂವರೆ ಅಡಿಯ ಆಸುಪಾಸಿನಲ್ಲಿ. ಗೋಡೆಯ ಕೆಳಭಾಗ ಬೆನ್ನುಗಳಿಗೆ ಮೀಸಲು. ಅಲ್ಲಿ ಪಟ ತೂಗಿದರೆ ತಲೆ ತಾಗುತ್ತದೆ, ಎಣ್ಣೆ ಮೆತ್ತುತ್ತದೆ. ಹಾಗಾಗಿ ಪಟಗಳೆಲ್ಲ ಬಾಗಿಲ ಚೌಕಟ್ಟಿಗಿಂತ ಮೇಲೆ ಸಾಲಾಗಿ ಇರುತ್ತಿದ್ದವು: ರವಿವರ್ಮನ ಅಚ್ಚಿನ ಲಕ್ಷ್ಮಿ, ಚಾಮುಂಡೇಶ್ವರಿ, ಮಹಾರಾಜರು, ಪೇಟ ಸುತ್ತಿದ ತಾತ. ಪ್ರತಿಯೊಂದರ ಹಿಂದೆ ಕಟ್ಟಿದ ದಾರ ಉದ್ದವಾಗಿದ್ದು, ಪಟದ ಮೇಲ್ತುದಿ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಬಾಗುತ್ತಿತ್ತು. ಆ ಬಾಗು ಇಲ್ಲದಿದ್ದರೆ ತೊಟ್ಟಿಯಿಂದ ಬಂದ ಬೆಳಕು ಗಾಜಿಗೆ ಬಡಿದು ಮುಖವೇ ಕಾಣುತ್ತಿರಲಿಲ್ಲ. ಬಾಗಿದರೆ ನೆಲದಲ್ಲಿ ಕೂತವನಿಗೆ ನೇರ ಕಾಣುತ್ತಿತ್ತು. ಇದನ್ನು ನಾವು ಹಳ್ಳಿಯವರ ಅಡ್ಡಾದಿಡ್ಡಿ ಎಂದುಕೊಂಡಿದ್ದೆವು. ಅದೂ ಕಣ್ಣಿನ ಮಟ್ಟದ ಲೆಕ್ಕವೇ. ಕಣ್ಣು ಮಾತ್ರ ಬೇರೆ ಕಡೆ ಇತ್ತು.

ಈ ತತ್ವಗಳಿಗೆ ಪುಸ್ತಕದ ರೂಪ ಕೊಟ್ಟವರಲ್ಲಿ ಒಬ್ಬಾಕೆ ಕಾದಂಬರಿಕಾರ್ತಿ ಎಂಬುದು ಸಾಹಿತ್ಯದ ಓದುಗರಿಗೆ ಕುತೂಹಲ ಹುಟ್ಟಿಸಬಹುದು. 'ದಿ ಏಜ್ ಆಫ್ ಇನೊಸೆನ್ಸ್' ಬರೆದ ಈಡಿತ್ ವಾರ್ಟನ್, ಅದಕ್ಕೂ ಎಷ್ಟೋ ವರ್ಷ ಮೊದಲು, 1897ರಲ್ಲಿ, ಆಗ್ಡೆನ್ ಕಾಡ್ಮನ್ ಎಂಬ ವಾಸ್ತುಶಿಲ್ಪಿಯ ಜೊತೆ ಸೇರಿ 'ದಿ ಡೆಕೊರೇಶನ್ ಆಫ್ ಹೌಸಸ್' ಪ್ರಕಟಿಸಿದಳು. ಪರದೆ, ಗೊಂಚಲು, ಕುಸುರಿ ಸಾಮಾನುಗಳನ್ನೆಲ್ಲ ತುಂಬಿಸಿ ಉಸಿರು ಕಟ್ಟಿಸುತ್ತಿದ್ದ ಅಂದಿನ ಅಮೆರಿಕದ ಸಿರಿವಂತರ ಕೋಣೆಗಳ ವಿರುದ್ಧ ಎದ್ದ ಪುಸ್ತಕ ಅದು. ಅಲಂಕಾರ ಎನ್ನುವುದು ಮನೆಯ ಮೇಲೆ ಹೊದಿಸುವ ಬಟ್ಟೆಯಲ್ಲ, ಕಟ್ಟಡದ ರಚನೆಯಿಂದಲೇ ಅದು ಹುಟ್ಟಬೇಕು ಎನ್ನುವುದು ಅದರ ವಾದ. ನನಗೆ ಈ ವಾದ ಪೂರ್ತಿ ಒಪ್ಪಿಗೆ. ಆದರೆ ಅವರ ಕಣ್ಣೆದುರು ಇದ್ದದ್ದು ಇಟಲಿ, ಫ್ರಾನ್ಸುಗಳ ಮನೆಗಳು. ಚಳಿನಾಡಿನ ಕೋಣೆಗೆ ಬೆಂಕಿಗೂಡು ಕೇಂದ್ರ. ಕುರ್ಚಿಗಳೆಲ್ಲ ಅದರತ್ತ ತಿರುಗುವುದು ಸಹಜ. ಆ ತತ್ವ ನೂರಿಪ್ಪತ್ತೈದು ವರ್ಷ ದಾಟಿ ಬಿಳಿಕೆರೆಗೆ ಬರುವಷ್ಟರಲ್ಲಿ ಬೆಂಕಿ ಆರಿ ಕೇಂದ್ರ ಮಾತ್ರ ಉಳಿದಿದೆ. ಆ ಜಾಗಕ್ಕೆ ಈಗ ಟಿವಿ ಯುನಿಟ್ಟು ಬಂದು ಕೂತಿದೆ.

ಫಾಲ್ಸ್ ಸೀಲಿಂಗ್ ಇನ್ನೊಂದು ಉದಾಹರಣೆ. ಹವಾನಿಯಂತ್ರಣದ ಕೊಳವೆಗಳನ್ನು, ವೈರುಗಳನ್ನು ಮುಚ್ಚಲು ಕಚೇರಿಗಳಿಗೆ ಅದು ಬೇಕು. ನಮ್ಮ ದೊಡ್ಡಪ್ಪನ ಮನೆಯಲ್ಲಿ ಮುಚ್ಚಲು ಏನೂ ಇರಲಿಲ್ಲ. ಹತ್ತಡಿಯ ತಾರಸಿಯನ್ನು ಮುಕ್ಕಾಲು ಅಡಿ ಇಳಿಸಿ, ಸುತ್ತ ನೀಲಿ ದೀಪ ಬಿಟ್ಟು, ಮಧ್ಯದಿಂದ ಫ್ಯಾನು ಇಳಿಬಿಟ್ಟಿದ್ದಾರೆ. ದೊಡ್ಡಪ್ಪನ ಮಗ ಟವೆಲ್ ಕೊಡವಲು ಕೈ ಎತ್ತಿದರೆ ನನಗೆ ಭಯ.

ಕೆಡವಿದ ಮನೆ ಹೇಗಿತ್ತು ಎಂದು ಸ್ವಲ್ಪ ಹೇಳಬೇಕು. ಜಗಲಿ, ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಕಂಬಗಳು, ಒಳಗೆ ನಡುಮನೆ, ಅದಕ್ಕೂ ಒಳಗೆ ಅಡುಗೆಮನೆ. ಹೊರಗಿನಿಂದ ಒಳಗೆ ಹೋದಷ್ಟೂ ಬೆಳಕು ಕಡಿಮೆಯಾಗುತ್ತಿತ್ತು. ಜಪಾನಿನ ತನಿಜಾಕಿ 1933ರಲ್ಲಿ ಬರೆದ 'ನೆರಳಿನ ಪ್ರಶಂಸೆ'ಯ ಪ್ರಬಂಧ ಓದಿದಾಗ ನನಗೆ ನೆನಪಾದದ್ದು ಈ ನಡುಮನೆ. ಅರಗಿನ ಪಾತ್ರೆಗಳ ಚೆಲುವು ಮಬ್ಬುಗತ್ತಲಲ್ಲೇ ಕಾಣುವುದು, ವಿದ್ಯುದ್ದೀಪದ ಕೆಳಗಲ್ಲ ಎನ್ನುವುದು ಆತನ ಕೊರಗು. ನಮ್ಮಲ್ಲಿ ಅರಗಿನ ಜಾಗದಲ್ಲಿ ಹಿತ್ತಾಳೆ. ಹುಣಸೆಹಣ್ಣು ಹಾಕಿ ತಿಕ್ಕಿದ ಕೊಡದ ಕಂಠದ ಮೇಲೆ ಒಂದೇ ಒಂದು ಗೆರೆ ಬೆಳಕು ಕೂರುತ್ತಿತ್ತು. ಗೋಡೆಗೆ ಸುಣ್ಣ, ಕೆಳಗೆ ಮೊಣಕಾಲೆತ್ತರ ಕೆಮ್ಮಣ್ಣಿನ ಪಟ್ಟೆ. ಪುಸ್ತಕ ಇದನ್ನು ವೈದೃಶ್ಯ ಎನ್ನುತ್ತದೆ. ಹೊರಗೋಡೆಗೆ ಮಳೆನೀರು ನೆಲದಿಂದ ಸಿಡಿದು ಬಿಳಿ ಸುಣ್ಣ ಹೊಲಸಾಗುವುದು ಸರಿಯಾಗಿ ಆ ಎತ್ತರಕ್ಕೇ. ಒಳಗೆ ದನ ಮೈ ಉಜ್ಜುವುದೂ, ಮಕ್ಕಳು ಕಾಲು ಒದೆಯುವುದೂ ಅಲ್ಲಿಗೇ.

ಇನ್ನು ಖಾಲಿ ಜಾಗ. ಕೋಣೆಯಲ್ಲಿ ಕಣ್ಣಿಗೆ ಬಿಡುವು ಕೊಡುವ ಖಾಲಿ ಇರಬೇಕು ಎನ್ನುತ್ತಾರೆ. ನಡುಮನೆಯೂ ಖಾಲಿಯೇ ಇತ್ತು, ಆದರೆ ಆ ಖಾಲಿ ಬಿಡುವಿನದ್ದಲ್ಲ, ಕಾಯುವಿಕೆಯದ್ದು. ಸುಗ್ಗಿಯಲ್ಲಿ ರಾಗಿ ಚೀಲ ಬರುತ್ತವೆ, ಮದುವೆಗೆ ಮೂವತ್ತು ಜನ ಮಲಗಬೇಕು, ಬಾಣಂತಿಗೆ ಒಂದು ಮೂಲೆ ಬೇಕು, ಹೆಣವಾದರೆ ಅದಕ್ಕೂ ಜಾಗ ಬೇಕು. ನಮ್ಮ ಕಡೆ ಇದಕ್ಕೆಲ್ಲ ಮೇಲೆ ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ರಸ್ತೆಗಳಲ್ಲಿ ಹೋಗುವವರಿಗೆ ಮನೆಗಳ ಪಕ್ಕ ಎತ್ತರಕ್ಕೆ ಎದ್ದು ನಿಂತ, ಕಿಟಕಿಗಳಿಲ್ಲದ ಇಟ್ಟಿಗೆಯ ಕಟ್ಟಡಗಳು ಕಂಡೇ ಇರುತ್ತವೆ. ಅವು ವರ್ಜೀನಿಯಾ ಸೊಪ್ಪು ಬೇಯಿಸುವ ಬ್ಯಾರನ್‌ಗಳು. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಒಳಗಿನ ಕೊಳವೆಗಳು ಕಾಯುತ್ತವೆ. ಕಡ್ಡಿಗಳಿಗೆ ಕಟ್ಟಿದ ಎಲೆ ಅಂತಸ್ತಂತಸ್ತಾಗಿ ತೂಗಿಕೊಂಡು ಐದಾರು ದಿನದಲ್ಲಿ ಹಸಿರಿನಿಂದ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ರೂಪ ಎನ್ನುವುದು ಉಪಯೋಗದಿಂದ ಹುಟ್ಟಬೇಕು ಎಂದು ಶಾಲೆಗಳಲ್ಲಿ ಪಾಠ ಹೇಳುವವರು ಮೊದಲು ಈ ಬ್ಯಾರನ್ ತೋರಿಸಲಿ. ಬೆಂದ ಎಲೆ ಹರಾಜಿಗೆ ಹೋಗುವವರೆಗೆ ಬಣ್ಣದ ಪ್ರಕಾರ ವಿಂಗಡಿಸಲು ಮನೆಯೊಳಗೆ ಬರುತ್ತಿತ್ತು. ತಿಂಗಳುಗಟ್ಟಲೆ ನಡುಮನೆಯ ಬಣ್ಣವೇ ಹಳದಿ, ವಾಸನೆಯೇ ಅದು. ಈ ಹಾಲಿನಲ್ಲಿ ಈಗ ಎಲ್ ಆಕಾರದ ಸೋಫಾ ಇದೆ. ಎಲೆ ವಿಂಗಡಿಸಲು ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಸಿಕೊಂಡಿದ್ದಾರೆ. ದೊಡ್ಡಮ್ಮ ಸೀಸನ್ನಿನಲ್ಲಿ ದಿನದ ಬಹುಪಾಲು ಕಳೆಯುವುದು ಆ ಶೆಡ್ಡಿನಲ್ಲಿ. ಅಲ್ಲಿಗೆ ಯಾವ ತತ್ವವೂ ಬಂದಿಲ್ಲ.

ಇಷ್ಟನ್ನು ಆ ದಿನ ಆವೇಶದಲ್ಲಿ ದೊಡ್ಡಮ್ಮನಿಗೆ ಹೇಳಿದೆ, ಎಂಥ ಮನೆ ಕೆಡವಿಬಿಟ್ಟಿರಿ ಅಂತ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದರು. ಕೇಳಿ, "ನಿಮಗೇನಪ್ಪ. ಬರ್ತೀರ, ಫೋಟೋ ತಗೀತೀರ, ಹೋಯ್ತೀರ. ನಲವತ್ತು ವರ್ಷ ಅದನ್ನ ಸಾರ್ಸಿದೋಳು ನಾನು" ಅಂದರು.

ಇಲ್ಲಿ ನನ್ನ ವಿಮರ್ಶೆ ನನ್ನ ಕಡೆಗೇ ತಿರುಗಬೇಕಾಯಿತು. ತೊಟ್ಟಿಯ ಮಳೆ ಕವಿತೆಗೆ ಚೆನ್ನ. ಆ ನೀರನ್ನು ಗುಡಿಸಿ ಹೊರಹಾಕಿದ್ದು ಒಂದು ಸೊಂಟ. ನಡುಮನೆಯ ತನಿಜಾಕಿ ನೆರಳಿಗೆ ಅಂಟಿಕೊಂಡೇ ಕಿಟಕಿಯಿಲ್ಲದ ಅಡುಗೆಮನೆಯ ಹೊಗೆ ಇತ್ತು. ಹೊರಗಿನಿಂದ ಒಳಗೆ ಮಬ್ಬಾಗುತ್ತ ಹೋಗುವ ಬೆಳಕಿನ ಲಯವನ್ನು ಹೊಗಳಿದೆನಲ್ಲ, ಅದೇ ಮೆಟ್ಟಿಲುಗಳ ಮೇಲೆ ಜಾತಿಯೂ ಕೂತಿತ್ತು. ಯಾರು ಜಗಲಿಯ ಕೆಳಗೆ ನಿಲ್ಲಬೇಕು, ಯಾರು ಪಡಸಾಲೆಯವರೆಗೆ, ಯಾರು ನಡುಮನೆಯವರೆಗೆ ಎಂಬುದನ್ನು ಆ ಮನೆಯ ನಕ್ಷೆಯೇ ಹೇಳುತ್ತಿತ್ತು. ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರು ನಾನು ಚಿಕ್ಕವನಾಗಿದ್ದಾಗ ಜಗಲಿಯ ಅಂಚಿನಾಚೆ ಕುಕ್ಕರಗಾಲಲ್ಲಿ ಕೂತು ಕಾಫಿ ಕುಡಿದು, ಲೋಟ ತೊಳೆದು ಬೋರಲು ಹಾಕಿ ಹೋಗುತ್ತಿದ್ದರು. ತೊಟ್ಟಿಮನೆಯ ಸೊಬಗಿನ ಬಗ್ಗೆ ಬರೆಯುವ ಯಾವ ಲೇಖನದ ಚಿತ್ರದಲ್ಲೂ ಆ ಬೋರಲು ಲೋಟ ಇರುವುದಿಲ್ಲ.

ಮೈಸೂರು ಸೀಮೆಯ ಮನೆಗಳ ಒಳಾಂಗಣವನ್ನು ಇದೆಲ್ಲದರ ಸಮೇತ ನೋಡಿದವರು ನಮ್ಮ ಕಾದಂಬರಿಕಾರರು. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಯೊಳಗೆ ಸಾಮಾನು ಎಂದು ಹೇಳಿಕೊಳ್ಳುವಂಥದ್ದು ಏನಿದೆ? ಆದರೂ ಒಂದು ರಾತ್ರಿ ಬೆಂಕಿಯ ಸುತ್ತ ಇಡೀ ಸಂಸಾರ ಕೂತು ಕಳ್ಳೇಕಾಯಿ ಸುಲಿದು ತಿಂದು ಸಿಪ್ಪೆಯನ್ನು ಅದೇ ಬೆಂಕಿಗೆ ಹಾಕುವ ಭಾಗ, ಕನ್ನಡದಲ್ಲಿ ಒಂದು ಕೋಣೆಯ ಒಳಗನ್ನು ತೋರಿಸಿದ ಅತಿ ತುಂಬಿದ ಚಿತ್ರಗಳಲ್ಲೊಂದು. ಬೆಂಕಿಯೇ ಕೇಂದ್ರ, ವಾರ್ಟನ್ ಒಪ್ಪುತ್ತಿದ್ದಳು. ಬೆಳಿಗ್ಗೆ ಪೊಲೀಸರು ಬಂದು ಅದೇ ಮನೆಯನ್ನು ತಡಕಾಡುತ್ತಾರೆ. ಬಾಗಿಲಲ್ಲಿ ನಿಂತು ಕೋಣೆ ನೋಡುವ ಮನುಷ್ಯ ಎಂದೆನಲ್ಲ, ಅವನ ಇನ್ನೊಂದು ಅವತಾರ ಇದು. 'ಕುಸುಮಬಾಲೆ'ಯಲ್ಲಂತೂ ಮನೆಮನೆಯ ದೀಪಗಳೇ ಜೋತಮ್ಮಗಳಾಗಿ ರಾತ್ರಿ ಒಂದೆಡೆ ಸೇರುತ್ತವೆ, ಮಂಚ ಬಾಯಿ ಬಿಟ್ಟು ಮಾತಾಡುತ್ತದೆ. ಸಾಮಾನುಗಳಿಗೆ ಮನೆಯ ಗುಟ್ಟು ಗೊತ್ತು ಎಂಬ ನಂಬಿಕೆಯಿಂದ ಹೊರಟ ಬರವಣಿಗೆ ಅದು. ಅಲಂಕಾರದ ಪುಸ್ತಕಗಳಲ್ಲಿ ಮಂಚಕ್ಕೆ ಅಳತೆ ಇದೆ, ಬಾಯಿಲ್ಲ.

ಎಚ್.ಡಿ. ಕೋಟೆ ತಾಲ್ಲೂಕಿನ ಶ್ರೀಕೃಷ್ಣ ಆಲನಹಳ್ಳಿಯವರ 'ಪರಸಂಗದ ಗೆಂಡೆತಿಮ್ಮ' ಈ ವಿಷಯಕ್ಕೆ ಇನ್ನೂ ಹತ್ತಿರದ್ದು. ಪೇಟೆಯ ಸೋಪು, ಪೌಡರುಗಳನ್ನು ಹೊತ್ತು ಹಳ್ಳಿಗಳಲ್ಲಿ ಮಾರುವ ಗೆಂಡೆತಿಮ್ಮ, ಪೇಟೆಯ ರುಚಿ ಹತ್ತಿದ ಹೆಂಡತಿ ಮರಂಕಿ. ಅವಳ ನಯನಾಜೂಕು ಕಂಡು ಊರು ಆಡಿಕೊಳ್ಳುತ್ತದೆ. ಆ ಕಾದಂಬರಿಯನ್ನು ಸಾಮಾನ್ಯವಾಗಿ ಪೇಟೆ ಹಳ್ಳಿಯನ್ನು ಕೆಡಿಸಿದ ಕತೆ ಎಂದು ಓದುತ್ತಾರೆ. ಈ ಓದು ನನಗೆ ಸಾಲದು ಅನ್ನಿಸುತ್ತದೆ. ಅಂದವಾಗಿ ಬದುಕಬೇಕು ಎಂಬ ಆಸೆಯನ್ನು ಒಬ್ಬ ಹೆಣ್ಣು ಬಾಯಿಬಿಟ್ಟು ಹೇಳಿದಾಗ ಊರಿಗೆ ಆಗುವ ಕಸಿವಿಸಿಯೂ ಅದರೊಳಗಿದೆ. ತಿಮ್ಮನ ಸಾವಿನ ಭಾರದಲ್ಲಿ ನಾವು ಆ ಆಸೆಯನ್ನು ತಪ್ಪೆಂದೇ ಬರೆದುಕೊಂಡುಬಿಡುತ್ತೇವೆ. ದೊಡ್ಡಮ್ಮನ ನೀಲಿ ದೀಪದ ಸೀಲಿಂಗಿಗೆ ನಾನು ನಕ್ಕದ್ದು ಇದೇ ಊರಿನ ನಗುವಲ್ಲವೆ? ಹೊಗೆಸೊಪ್ಪಿನ ದುಡ್ಡಿನಲ್ಲಿ ಅವರು ಕೊಂಡುಕೊಂಡದ್ದು, ಬಾಗದೆ ಒರೆಸಬಹುದಾದ ನೆಲ. ಅದನ್ನು ಕುರೂಪ ಎನ್ನುವ ಹಕ್ಕು ನನಗೆ ಎಷ್ಟಿದೆ ಎಂದು ಯೋಚಿಸುತ್ತಲೇ ಇದ್ದೇನೆ. ಸೀಲಿಂಗು ಮಾತ್ರ ಈಗಲೂ ಕುರೂಪವೇ. ಅದರಲ್ಲಿ ನನಗೆ ರಾಜಿ ಇಲ್ಲ.

ಹಳೆಯ ಮನೆಯ ಕಂಬಗಳನ್ನು ಒಬ್ಬ ವ್ಯಾಪಾರಿ ಲಾರಿ ತಂದು ಒಯ್ದ. ಯಾವುದೋ ರೆಸಾರ್ಟಿನಲ್ಲಿ ಅವಕ್ಕೆ ಪಾಲಿಶ್ ಬಿದ್ದಿರಬೇಕು. ಮೈಸೂರಿನ ಜಯಲಕ್ಷ್ಮೀ ವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯಕ್ಕೆ ಹೋದಾಗಲೆಲ್ಲ ನಮ್ಮ ಮನೆಯ ವಸ್ತುಗಳ ನೆಂಟರು ಅಲ್ಲಿ ಕಾಣುತ್ತಾರೆ. ಅಲ್ಲಿ ಕನಿಷ್ಠ ಅವು ಅಲಂಕಾರದ ವೇಷ ಹಾಕಿಲ್ಲ, ಕೆಲಸ ಮುಗಿಸಿ ಕೂತಿವೆ.

ಗೃಹಪ್ರವೇಶದ ದಿನ ಹೋದಾಗ ತಾತನ ಪಟ ಪೆನ್ಸಿಲ್ಲಿನ ಗುರುತಿಗಿಂತ ಮೂರಡಿ ಮೇಲೆ, ದೇವರಮನೆಯ ಬಾಗಿಲ ನೆತ್ತಿಗೆ ಏರಿತ್ತು. ದಾರ ಉದ್ದ ಬಿಟ್ಟು ಬಾಗಿಸಿಯೂ ಇದ್ದರು. ಆ ಹಿರಿಯರೂ ಬಂದಿದ್ದರು. ಈಗ ಕೋಲು ಹಿಡಿದು ನಡೆಯುತ್ತಾರೆ. ದೊಡ್ಡಪ್ಪನ ಮಗ "ಒಳಕ್ಕೆ ಬನ್ನಿ" ಅಂದ. ಅವರು ಸಿಟೌಟಿನಲ್ಲಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿ ತೋರಿಸಿ "ಇಲ್ಲೇ ಗಾಳಿ ಚೆನ್ನಾಗದೆ ಬುಡಿ" ಅಂದರು. ಅವನು ಎರಡನೇ ಸಲ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಒಳಗೆ, ಸೋಫಾದಲ್ಲಿ ಕೂತವರಿಗೆ ನೀಲಿ ದೀಪ ಗಾಜಿಗೆ ಬಡಿದು ತಾತನ ಮುಖ ಕಾಣುತ್ತಿರಲಿಲ್ಲ. ದೊಡ್ಡಮ್ಮ ಎದುರುಗೋಡೆಗೆ ಒರಗಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಅಲ್ಲಿಂದ ಕಾಣುತ್ತಿತ್ತು.