ಸಂಶೋಧನಫಲವೂ ಸಹಕರ್ತೃತ್ವವೂ

ಒಂದು ಕೃತಿಯ ಕರ್ತೃ ಯಾರು ಎಂಬ ಪ್ರಶ್ನೆಯು ಕನ್ನಡ ವಿದ್ವಾಂಸರಿಗೆ ಹೊಸತಲ್ಲ. ಕೋಡ್ಲಾ, ಸೇಡಂ ಸೀಮೆಗೆ ಸೇರಿದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿ ಮೆರೆದ ಕಾಲದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ನೃಪತುಂಗನದೋ ಶ್ರೀವಿಜಯನದೋ ಎಂಬ ಚರ್ಚೆಯು ಬಹುಕಾಲ ನಡೆದಿರುವುದು. ನೃಪತುಂಗನೆನಿಸಿದ ಅಮೋಘವರ್ಷನ ಕಾಲದಲ್ಲಿಯೇ, ವೀರಸೇನಾಚಾರ್ಯನು ಆರಂಭಿಸಿದ್ದ ‘ಜಯಧವಳಾ’ ಟೀಕೆಯನ್ನು ಅವನ ಶಿಷ್ಯನಾದ ಜಿನಸೇನನು ಕ್ರಿ.ಶ. 837ರಲ್ಲಿ ಮುಗಿಸಿದನು, ಜಿನಸೇನನು ಅಪೂರ್ಣವಾಗಿ ಬಿಟ್ಟ ಸಂಸ್ಕೃತ ‘ಆದಿಪುರಾಣ’ವನ್ನು ಗುಣಭದ್ರನು ಪೂರೈಸಿದನು. ಇಂತಹ ಗ್ರಂಥಗಳಲ್ಲಿ ಅನುಮತಿಯಿತ್ತವನು, ಬರೆದವನು, ಆರಂಭಿಸಿದವನು, ಮುಗಿಸಿದವನು ಎಂದು ಪಾಲುಗಳನ್ನು ವಿಂಗಡಿಸಿ ಹೇಳಲು ವಿಮರ್ಶೆಯು ಕಲಿತಿದೆ. ಅನೇಕರು ಕೂಡಿ ನಡಸುವ ವಿಜ್ಞಾನಸಂಶೋಧನೆಗೆ ಬೆಲೆಕಟ್ಟುವಾಗ ಮಾತ್ರ ಈ ವಿವೇಕವು ಮರೆತುಹೋಗಿ, ಪ್ರಕಟವಾದ ಲೇಖನಗಳ ಸಂಖ್ಯೆಯೇ ಪ್ರಮಾಣವಾಗಿ ನಿಲ್ಲುತ್ತದೆ. ಆ ಪ್ರಮಾಣವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯು ರೇಡಿಯೋ ಖಗೋಳವಿಜ್ಞಾನದಲ್ಲಿ ಮಾಡಿರುವ ಕೆಲಸದಿಂದ ಪರೀಕ್ಷಿಸಬಹುದು.

ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯು, 1972ರಲ್ಲಿ ವಿ. ರಾಧಾಕೃಷ್ಣನ್ ಅವರು ನಿರ್ದೇಶಕರಾದ ಮೇಲೆ ಈ ಶಾಸ್ತ್ರಕ್ಕೆ ಕೈಹಾಕಿತು. ಭಾರತೀಯ ಖಗೋಳಭೌತ ಸಂಸ್ಥೆಯೊಡನೆ ಕೂಡಿ ಅದು ಗೌರಿಬಿದನೂರಿನ ಬಳಿ ಕಟ್ಟಿದ ರೇಡಿಯೋ ದೂರದರ್ಶಕವು 34.5 ಮೆಗಾಹರ್ಟ್ಸ್ ಆವರ್ತದ, ಎಂದರೆ ಸುಮಾರು 8.7 ಮೀಟರು ಉದ್ದದ, ಅಲೆಗಳನ್ನು ಹಿಡಿಯತಕ್ಕುದು. ಇಷ್ಟು ದೀರ್ಘವಾದ ಅಲೆಗಳಿಂದ ಆಕಾಶದ ಭಾಗಗಳನ್ನು ಬೇರ್ಪಡಿಸಿ ಕಾಣಬೇಕಾದರೆ ಯಂತ್ರವೂ ಅದಕ್ಕೆ ತಕ್ಕಂತೆ ವಿಶಾಲವಾಗಿರಬೇಕು. ಆದುದರಿಂದ ಸಾವಿರ ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ, ಪೂರ್ವಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರು, ದಕ್ಷಿಣಕ್ಕೆ ಸುಮಾರು 0.45 ಕಿಲೋಮೀಟರು ಹರಡಿ, ಎರಡು ಸಾಲುಗಳ ಸಂಕೇತಗಳನ್ನು ಒಂದರೊಡನೊಂದು ಗುಣಿಸಿ, ಯಂತ್ರದ ನೋಟವನ್ನು ಹರಿತಗೊಳಿಸಿದರು.

ಈ ಯಂತ್ರದ ಮುಖ್ಯಫಲವೆನ್ನಬಹುದಾದ ಆಕಾಶಪಟವನ್ನು ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅವರು 1990ರಲ್ಲಿ ಪ್ರಕಟಿಸಿದರು. ದಕ್ಷಿಣಕ್ರಾಂತಿ 50 ಅಂಶಗಳಿಂದ ಉತ್ತರಕ್ರಾಂತಿ 70 ಅಂಶಗಳವರೆಗೆ ಹಬ್ಬಿದ ಆಕಾಶವು ಅದರಲ್ಲಿ ಅಡಕವಾಗಿದೆ. ಲೆಕ್ಕದ ಪ್ರಕಾರ ಇದು ಇಬ್ಬರು ಬರೆದ ಒಂದು ಲೇಖನ. ಆದರೆ ಯಂತ್ರದ ರಚನೆಯನ್ನು ವಿವರಿಸುವ ಲೇಖನವು ಅದಕ್ಕೆ ಹಿಂದಿನ ವರ್ಷವೇ ದೇಶಪಾಂಡೆ, ಶೆವಗಾಂವ್ಕರ್, ಶಾಸ್ತ್ರಿ ಎಂಬ ಬೇರೆ ಮೂವರ ಹೆಸರಿನಲ್ಲಿ ಹೊರಬಂದಿತು. ಇದನ್ನು ಓದದೆ ಅದಕ್ಕೆ ಬೆಲೆಕಟ್ಟುವುದು, ಮೂಲವನ್ನು ಬಿಟ್ಟು ಟೀಕೆಯನ್ನು ಮಾತ್ರ ಓದಿದಂತೆ. ಸಾವಿರ ಆಂಟೆನಾಗಳನ್ನು ನೆಟ್ಟು, ಬಿಸಿಲುಮಳೆಗಳಲ್ಲಿ ಕಾಪಾಡಿದ ಕುಶಲಕರ್ಮಿಗಳ ಶ್ರಮವು ಎರಡು ಲೇಖನಗಳ ಶಿರೋಭಾಗದಲ್ಲಿಯೂ ಕಾಣುವುದಿಲ್ಲ. ಇಂತಹ ಶ್ರಮಕ್ಕೆ ದೊರೆಯುವ ಸ್ಥಳವು ಸಾಮಾನ್ಯವಾಗಿ ಕೊನೆಯ ಕೃತಜ್ಞತಾವಾಕ್ಯವೊಂದೇ.

ಹೆಸರುಗಳ ಸಂಖ್ಯೆಯಿಂದ ಸಹಕಾರವನ್ನು ಅಳೆಯುವುದೂ ಅಷ್ಟೇ ಅಪಾಯಕರ. ಆಕಾಶಗಂಗೆಯಲ್ಲಿನ ಇಂಗಾಲದ ಪರಮಾಣುಗಳು ಸೂಸುವ ರೇಡಿಯೋ ರೇಖೆಗಳನ್ನು ಕುರಿತು ಎನ್. ಜಿ. ಕಂಠಾರಿಯಾ ಮತ್ತು ಕೆ. ಆರ್. ಅನಂತರಾಮಯ್ಯ ಅವರು 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇರುವುವು ಎರಡೇ ಹೆಸರುಗಳು. ಆದರೂ 34.5 ಮೆಗಾಹರ್ಟ್ಸಿಗೆ ಗೌರಿಬಿದನೂರು, 328 ಮೆಗಾಹರ್ಟ್ಸಿಗೆ ಟಾಟಾ ಸಂಸ್ಥೆಯವರ ಊಟಿಯ ದೂರದರ್ಶಕ, ಹೀಗೆ ಎರಡು ಕಡೆಯ ಯಂತ್ರಗಳು ಅದರ ಹಿಂದೆ ನಿಂತಿವೆ. ಇದಕ್ಕೆ ವಿರುದ್ಧವಾಗಿ, ಪಶ್ಚಿಮ ಆಸ್ಟ್ರೇಲಿಯದ ಮರ್ಚಿಸನ್ ದೂರದರ್ಶಕದ ಪ್ರಧಾನಲೇಖನಗಳಲ್ಲಿ ಹತ್ತಾರು ಹೆಸರುಗಳ ಸಾಲಿದೆ. ಆ ಯಂತ್ರದ ಅಂಕೀಯ ಗ್ರಾಹಕಗಳನ್ನು ರೂಪಿಸುವುದರಲ್ಲಿ ರಾಮನ್ ಸಂಸ್ಥೆಯ ಪಾಲು ಹಿರಿದು. ಆದರೆ ಆ ಸಾಲನ್ನು ನೋಡಿದಮಾತ್ರಕ್ಕೆ ಯಾರ ಪಾಲು ಯಾವುದೆಂದು ತಿಳಿಯುವಂತಿಲ್ಲ. ಒಂದೆಡೆ ಮೌನದಿಂದ, ಇನ್ನೊಂದೆಡೆ ಬಾಹುಳ್ಯದಿಂದ, ಕರ್ತೃತ್ವವು ಮರೆಯಾಗುತ್ತದೆ.

ಅದೇ ಮರ್ಚಿಸನ್ ಸೀಮೆಯಿಂದ 2018ರಲ್ಲಿ ಒಂದು ದೊಡ್ಡ ವಾರ್ತೆಯು ಬಂದಿತು. ವಿಶ್ವದ ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಕುರುಹು 78 ಮೆಗಾಹರ್ಟ್ಸಿನ ಸುತ್ತ ಕಂಡುಬಂದಿತೆಂದು ಬೌಮನ್ ಮತ್ತು ಸಂಗಡಿಗರು ಸಾರಿದರು. ಆ ಕುರುಹು ಸಿದ್ಧಾಂತವು ನಿರೀಕ್ಷಿಸಿದುದಕ್ಕಿಂತ ಬಹಳ ಆಳವಾಗಿದ್ದುದರಿಂದ ಹೊಸ ಹೊಸ ಊಹೆಗಳು ಹುಟ್ಟಿದವು. ರಾಮನ್ ಸಂಸ್ಥೆಯವರು ‘ಸರಸ್ 3’ ಎಂಬ ತಮ್ಮ ಉಪಕರಣವನ್ನು 2020ರಲ್ಲಿ ದಂಡಿಗಾನಹಳ್ಳಿಯ ಕೆರೆಯ ಮೇಲೆಯೂ ಶರಾವತಿಯ ಹಿನ್ನೀರಿನ ಮೇಲೆಯೂ ತೇಲಿಬಿಟ್ಟು ಅಳತೆ ಮಾಡಿದರು. ನೆಲದ ಪದರುಗಳು ಆಂಟೆನಾದ ಅಳತೆಯನ್ನು ಕೆಡಿಸಬಲ್ಲವು. ಆಳವಾದ ನೀರಾದರೋ ಏಕರೂಪವಾದುದು. ಆ ಕುರುಹು ಆಕಾಶದ್ದಾಗಿರಲಾರದೆಂದು, ನೂರಕ್ಕೆ 95.3ರಷ್ಟು ವಿಶ್ವಾಸದಿಂದ, ಒಂಬತ್ತು ಮಂದಿಯ ಲೇಖನವೊಂದು 2022ರಲ್ಲಿ ತಿಳಿಸಿತು. 1990ರ ಪಟದ ಕರ್ತೃಗಳಲ್ಲಿ ಒಬ್ಬರಾದ ಉದಯಶಂಕರ್ ಅವರ ಹೆಸರು ಇಲ್ಲಿಯೂ ಇರುವುದು ಗಮನಾರ್ಹ. ಒಂದು ಸಂಸ್ಥೆಯ ನಿಜವಾದ ಸಂಪತ್ತು ಕೈಯಿಂದ ಕೈಗೆ ಸಾಗಿಬರುವ ಇಂತಹ ಅನುಭವವೇ ಹೊರತು ವರ್ಷಾಂತ್ಯದ ಪಟ್ಟಿಯಲ್ಲ. ಪಟ್ಟಿಯ ದೃಷ್ಟಿಯಿಂದ ಇದೂ ಒಂದೇ ಲೇಖನ, ಅದೂ ‘ಇಲ್ಲ’ ಎಂದು ಹೇಳತಕ್ಕ ಲೇಖನ. ಆದರೆ ಪ್ರಕ್ಷಿಪ್ತವಾದ ಪದ್ಯವನ್ನು ಗುರುತಿಸಿ ತೆಗೆದ ಸಂಪಾದಕನು ಕಾವ್ಯಕ್ಕೆ ಮಾಡಿದ ಉಪಕಾರವನ್ನು ಬಲ್ಲವರು ಇದರ ಬೆಲೆಯನ್ನು ಅಲ್ಲಗಳೆಯಲಾರರು.

ಸಂಖ್ಯೆಗೆ ಪಕ್ಷಪಾತವಿಲ್ಲ, ವಿಮರ್ಶಕನಿಗೆ ಇರಬಹುದು ಎಂಬ ಆಕ್ಷೇಪವುಂಟು. ಅದು ತಳ್ಳಿಹಾಕತಕ್ಕ ಮಾತಲ್ಲ. ದಾಕ್ಷಿಣ್ಯಕ್ಕೆ ತಡೆಯಾಗಿ ಲೆಕ್ಕವೂ ಇರಲಿ. ಆದರೆ ಯಂತ್ರವನ್ನು ಕಟ್ಟುವುದಕ್ಕೆ ಹತ್ತು ವರ್ಷ ಸವೆಸಿದವನನ್ನೂ ಕಟ್ಟಿದ ಯಂತ್ರದಿಂದ ಹತ್ತು ಲೇಖನ ತೆಗೆದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ಮುಂದೆ ಯಂತ್ರವನ್ನು ಕಟ್ಟುವವರೇ ಇಲ್ಲದಂತಾದೀತು. ಆಗ ಎಣಿಸುವುದಕ್ಕೆ ಲೇಖನಗಳೂ ಉಳಿಯವು.

ಆದಕಾರಣ ಸಂಶೋಧನಫಲದ ವಿಮರ್ಶೆಯು ಮೂರು ವಿಷಯಗಳನ್ನು ಕೇಳಬೇಕು: ಉಪಕರಣವನ್ನು ರಚಿಸಿದವರಾರು, ಅಳೆದವರಾರು, ಅರ್ಥವನ್ನು ನಿರ್ಣಯಿಸಿದವರಾರು. ಪ್ರತಿಯೊಂದು ಲೇಖನವೂ ಈ ಪಾಲುಗಳನ್ನು ಹೆಸರಿಸಿ ಹೇಳುವಂತಾದರೆ ದೊಡ್ಡ ಉಪಕಾರವಾದೀತು. ಜಿನಸೇನನ ಭಾಗವೆಲ್ಲಿ ಮುಗಿಯಿತು, ಗುಣಭದ್ರನದೆಲ್ಲಿ ತೊಡಗಿತು ಎಂಬುದು ಸಾವಿರ ವರ್ಷಗಳ ಮೇಲೂ ತಿಳಿದಿರುವಾಗ, ಗೌರಿಬಿದನೂರಿನ ಬಯಲಿನಲ್ಲಿ ದುಡಿದವರ ಪಾಲು ಒಂದು ತಲೆಮಾರಿನೊಳಗೆ ಅಳಿದುಹೋಗುವುದು ಯುಕ್ತವಲ್ಲ.