ಗುಂಡಿಗೆಯ ಪಂದ್ಯವಲ್ಲ, ರಿಪೇರಿಯ ಪಂದ್ಯ

ಒಬ್ಬರೇ ಹಾಯಿದೋಣಿ ಹತ್ತಿ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬರುವ ಪಂದ್ಯದ ಮಾತು ಬಂದರೆ ನಮ್ಮ ಬೆಂಗಳೂರಿನ ಹೊಸ ತಿಪ್ಪಸಂದ್ರದಲ್ಲಿ ಕೇಳಿಬರುವುದು ಎರಡೇ ಮಾತು. ಒಂದು, ‘ಅಬ್ಬಾ, ಎಂಥ ಗುಂಡಿಗೆ!’ ಇನ್ನೊಂದು, ‘ಮಾಡಲು ಕೆಲಸವಿಲ್ಲದವರ ಹುಚ್ಚು, ಸಿಕ್ಕಿಬಿದ್ದರೆ ಬಿಡಿಸಿಕೊಂಡು ಬರಲು ಸರ್ಕಾರದ ದುಡ್ಡು.’ ಹೊಗಳುವವರೂ ತೆಗಳುವವರೂ ಒಂದೇ ನಂಬಿಕೆಯ ಮೇಲೆ ನಿಂತಿದ್ದಾರೆ. ಇದು ಎದೆಗಾರಿಕೆಯ ಪಂದ್ಯ ಎನ್ನುವ ಆ ನಂಬಿಕೆಯೇ ತಪ್ಪು ಎಂದು ನನ್ನ ವಾದ.

ಭಾರತೀಯ ನೌಕಾಪಡೆಯಲ್ಲಿ ಪೈಲಟ್ ಆಗಿದ್ದ ಅಭಿಲಾಷ್ ಟಾಮಿ ಅವರನ್ನೇ ನೋಡಿ. 2022ರ ಸೆಪ್ಟೆಂಬರ್ 4ರಂದು ಫ್ರಾನ್ಸಿನ ಲೆ ಸಾಬ್ಲ್ ದೊಲೋನ್‌ನಿಂದ ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ 16 ಮಂದಿ ಹೊರಟರು. ಸುಮಾರು 30,000 ನಾಟಿಕಲ್ ಮೈಲಿ ದಾರಿ. ಜಿಪಿಎಸ್ ನೋಡುವಂತಿಲ್ಲ, ಸೆಕ್ಸ್‌ಟಂಟ್ ಹಿಡಿದು ಸೂರ್ಯನ ಎತ್ತರ ಅಳೆದು, ಕಾಗದದ ನಕ್ಷೆಯ ಮೇಲೆ ಗುರುತು ಹಾಕಿಕೊಂಡು ಸಾಗಬೇಕು. ಎಲ್ಲೂ ನಿಲ್ಲದೆ, ಯಾರ ನೆರವೂ ಪಡೆಯದೆ ಮುಗಿಸಿದವರು ಮೂವರೇ. ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಮೊದಲು, 236 ದಿನ ತೆಗೆದುಕೊಂಡ ಟಾಮಿ ಎರಡನೆಯವರು.

ಆ 236 ದಿನ ಅವರು ಮಾಡಿದ್ದೇನು? ದೋಣಿಯ ಹಿಂಬದಿಯಲ್ಲಿ ಗಾಳಿಯ ದಿಕ್ಕು ಹಿಡಿದು ತಾನಾಗಿ ದಾರಿ ಕಾಯುವ ಒಂದು ಸಾಧನ ಇರುತ್ತದೆ. ಅದಕ್ಕೆ ವಿದ್ಯುತ್ ಬೇಡ. ಗಾಳಿಗೆ ಒಡ್ಡಿದ ಒಂದು ಹಲಗೆ, ನೀರಿಗೆ ಇಳಿಬಿಟ್ಟ ಇನ್ನೊಂದು, ನಡುವೆ ಸಲಾಕೆ, ಹಗ್ಗ. ಒಂಟಿ ನಾವಿಕ ಕಣ್ಣು ಮುಚ್ಚಬೇಕಾದರೆ ಅದು ಕೆಲಸ ಮಾಡಲೇಬೇಕು. ಟಾಮಿಯವರಿಗೆ ಅದೇ ಕೈಕೊಟ್ಟಿತು, ಒಂದು ಸಲವಲ್ಲ, ಹಲವು ಸಲ. ಕೊನೆಗೆ ಶೌಚಾಲಯದ ಬಾಗಿಲನ್ನೇ ಕೊಯ್ದು ಅದಕ್ಕೆ ಹಲಗೆ ಮಾಡಿಕೊಂಡರು. ಹಿಂದಿನ ಪಂದ್ಯದ ಗಾಯದಿಂದ ಬೆನ್ನೆಲುಬಿಗೆ ಟೈಟಾನಿಯಂ ಸಲಾಕೆ ಹಾಕಿಸಿಕೊಂಡ ಮನುಷ್ಯ, ಕುಣಿಯುವ ದೋಣಿಯಲ್ಲಿ ಕೂತು ಗರಗಸ ಎಳೆಯುವುದನ್ನು ಮನಸ್ಸಿಗೆ ತಂದುಕೊಳ್ಳಿ. ಧೈರ್ಯ ಅರ್ಧ ಗಂಟೆ ನಿಲ್ಲುವ ಗುಣ. ಎಂಟು ತಿಂಗಳು ನಿಲ್ಲುವುದು ದಿನಾ ಬೆಳಗ್ಗೆ ಎದ್ದು ಹಗ್ಗ ಎಲ್ಲಿ ಸವೆದಿದೆ, ಬೋಲ್ಟ್ ಎಲ್ಲಿ ಸಡಿಲವಾಗಿದೆ ಎಂದು ತಡವಿ ನೋಡುವ ಜತನ.

2018ರ ಗೋಲ್ಡನ್ ಗ್ಲೋಬ್ ಪಂದ್ಯ ಗೆದ್ದ ಫ್ರಾನ್ಸಿನ ಜಾನ್ ಲುಕ್ ವಾನ್ ಡೆನ್ ಹೀಡ್ ಅವರಿಗೆ ಆಗ 73 ವರ್ಷ. ಬಿರುಗಾಳಿಗೆ ಅವರ ದೋಣಿಯ ಹಾಯಿಕಂಬದ ಕಟ್ಟು ಸಡಿಲವಾಯಿತು. ಬಂದರಿಗೆ ಹೋದರೆ ಗೆಲುವಿನ ಆಸೆ ಕೈಬಿಟ್ಟಂತೆ. ಸಮುದ್ರದ ನಡುವೆಯೇ ಮತ್ತೆ ಮತ್ತೆ ಕಂಬ ಹತ್ತಿ ಬಿಗಿದರು. ಅದೇ ಪಂದ್ಯದಲ್ಲಿ ಫಿನ್‌ಲೆಂಡಿನ ತಾಪಿಯೊ ಲೆಹ್ತಿನೆನ್ ಅವರ ದೋಣಿಯ ಹೊಟ್ಟೆಗೆ ಚಿಪ್ಪುಜೀವಿಗಳು ಅಂಟಿ ಬೆಳೆದವು; ವೇಗ ಕುಸಿದು 322 ದಿನ ಹಿಡಿಯಿತು. ಇಬ್ಬರಲ್ಲಿ ಯಾರಿಗೆ ಧೈರ್ಯ ಕಡಿಮೆ? ಯಾರಿಗೂ ಅಲ್ಲ; ಫಲ ಬೇರೆಯಾದದ್ದು ದೋಣಿಯ ಸ್ಥಿತಿಯಿಂದ.

ಸರ್ಕಾರದ ದುಡ್ಡಿನ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅದೇ 2018ರ ಪಂದ್ಯದಲ್ಲಿ, ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಟಾಮಿಯವರ ‘ತುರೀಯ’ ದೋಣಿಯ ಕಂಬ ಮುರಿದು, ಅವರು ಏಳಲಾರದೆ ಮಲಗಿದಾಗ ನೌಕಾಪಡೆಯ ವಿಮಾನ ಹುಡುಕಿತು, ಫ್ರಾನ್ಸಿನ ‘ಒಸಿರಿಸ್’ ಹಡಗು ಹೋಗಿ ಎತ್ತಿಕೊಂಡಿತು. ಖರ್ಚಾಗಿದೆ, ನಿಜ. ಆದರೆ ಕಡಲಲ್ಲಿ ಕೈಹಿಡಿಯುವ ಕಟ್ಟಲೆ ಪಂದ್ಯಗಾರರಿಗೆ ಮಾತ್ರ ಮೀಸಲಲ್ಲ, ಮೀನುಗಾರರಿಗೂ ಅದೇ. ಪಂದ್ಯಗಾರರೂ ಆ ಋಣವನ್ನು ತೀರಿಸುತ್ತಾರೆ. 2022ರ ನವೆಂಬರಿನಲ್ಲಿ ಲೆಹ್ತಿನೆನ್ ಅವರ ದೋಣಿ ಮುಳುಗಿದಾಗ ನಾಯ್‌ಶೇಫರ್ ತಮ್ಮ ಪಂದ್ಯ ಬದಿಗಿಟ್ಟು ಹೋಗಿ ಅವರನ್ನು ಉಳಿಸಿದರು.

ಗೆಲ್ಲಿಸುವುದು ರಿಪೇರಿಯ ಜತನವಾದರೂ ನಾವು ಈ ಕೆಲಸವನ್ನು ಶೌರ್ಯದ ಕಪಾಟಿನಲ್ಲಿಟ್ಟಿದ್ದೇವೆ. 2012–13ರಲ್ಲಿ ಮುಂಬೈಯಿಂದ ಮುಂಬೈಗೆ ಒಬ್ಬರೇ, ನಿಲ್ಲದೆ ಸುತ್ತಿ ಬಂದ ಮೊದಲ ಭಾರತೀಯರಾದಾಗ ಟಾಮಿಯವರಿಗೆ ಸಿಕ್ಕಿದ್ದು ಕೀರ್ತಿಚಕ್ರ. ಆ ಗೌರವ ಸಲ್ಲಬೇಕಾದದ್ದೇ. ಆದರೆ ಅವರು ಹೋದ ‘ಮ್ಹಾದೇಯಿ’ ದೋಣಿಯನ್ನು ಗೋವಾದಲ್ಲಿ ಕಟ್ಟಿದ ರತ್ನಾಕರ ದಾಂಡೇಕರ್ ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರೇ ಆ ದೋಣಿಗೆ. 1969ರಲ್ಲಿ ನಿಲ್ಲದೆ ಭೂಮಿ ಸುತ್ತಿದ ಮೊದಲ ಒಂಟಿ ನಾವಿಕ ರಾಬಿನ್ ನಾಕ್ಸ್ ಜಾನ್ಸ್‌ಟನ್; ಅವರ ‘ಸುಹೈಲಿ’ಯನ್ನು ತೇಗದಲ್ಲಿ ಕಟ್ಟಿದ್ದು ಮುಂಬೈಯ ಬಡಗಿಗಳು. ಬಡಗಿಗಳ ಕೈಯನ್ನು ಬಿಟ್ಟು ನಾವಿಕನ ಗುಂಡಿಗೆಯನ್ನಷ್ಟೇ ಹೊಗಳಿದರೆ ಕಥೆಯ ಅರ್ಧ ಹೋಯಿತು.

ಈ ಮಾತು ತಿಪ್ಪಸಂದ್ರಕ್ಕೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಕಡಲು ನೂರಾರು ಕಿಲೋಮೀಟರ್ ದೂರ, ಸರಿ. ಆದರೆ ಇದು ಎಚ್‌ಎಎಲ್ ವಿಮಾನ ಕಾರ್ಖಾನೆಯ ಮಗ್ಗುಲಲ್ಲಿ ಬೆಳೆದ ಬಡಾವಣೆ. ಫ್ಯಾಕ್ಟರಿಯಲ್ಲಿ ಜೀವಮಾನವಿಡೀ ಇಂಜಿನ್ ಬಿಚ್ಚಿ, ಒರೆಸಿ, ಜೋಡಿಸಿ, ಸಹಿ ಹಾಕಿ ನಿವೃತ್ತರಾದ ಫಿಟ್ಟರುಗಳು ಇಲ್ಲಿ ಬೀದಿಗೊಬ್ಬರು. ಟಾಮಿ ನೌಕಾಪಡೆಯಲ್ಲಿ ಹಾರಿಸುತ್ತಿದ್ದ ಡಾರ್ನಿಯರ್ ಕೂಡ ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟುವ ವಿಮಾನ. ವಿಮಾನ ಹಾರುವುದು ಪೈಲಟ್‌ನ ಧೈರ್ಯದಿಂದ ಮಾತ್ರವಲ್ಲ ಎಂದು ಬಲ್ಲ ಊರೇ ದೋಣಿಯ ವಿಷಯಕ್ಕೆ ಬಂದಾಗ ಅದನ್ನು ಮರೆಯುವುದು ನನಗೆ ಬೇಸರ ತರುತ್ತದೆ.

ಆದ್ದರಿಂದ ಪತ್ರಿಕೆಗಳವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಯಾರಾದರೂ ಹೀಗೆ ಸುತ್ತಿ ಬಂದಾಗ, ಭಯವಾಗಲಿಲ್ಲವೇ ಎಂದು ಕೇಳಬೇಡಿ. ಏನೇನು ಮುರಿಯಿತು, ಯಾವುದರಿಂದ ಸರಿಮಾಡಿದಿರಿ ಎಂದು ಕೇಳಿ, ಆ ಪಟ್ಟಿಯನ್ನು ಪೂರ್ತಿಯಾಗಿ ಅಚ್ಚು ಹಾಕಿ.