ಒಬ್ಬ ಹೆಣ್ಣಾಳು, ಹೆಸರಿಲ್ಲ

ಬಿ.ಎ. ಓದುವಾಗ ಡೂಮ್ಸ್‌ಡೇ ಪುಸ್ತಕ ಅಂದರೆ ನಮಗೆ ಐದು ಮಾರ್ಕಿನ ಟಿಪ್ಪಣಿ. ಆಡಳಿತದ ಅದ್ಭುತ ಅಂತ ಬರೆದರೆ ಮುಗೀತು. ನಾನೂ ಹಾಗೇ ಬರೆದು ಪಾಸಾದೆ. ಆಮೇಲೆ ಅದರೊಳಗಿನ ಒಂದು ಹಳ್ಳಿಯ ನಮೂದು ಓದಿದೆ. ಅದ್ಭುತ ಯಾರ ಪಾಲಿಗೆ ಅನ್ನೋದು ಅವತ್ತು ತಿಳೀತು.

ನಾರ್ಮಂಡಿಯ ವಿಲಿಯಂ 1066ರಲ್ಲಿ ಇಂಗ್ಲೆಂಡನ್ನು ಕತ್ತಿಯಿಂದ ಗೆದ್ದ; 1086ರಲ್ಲಿ ಲೆಕ್ಕಣಿಕೆಯಿಂದ ಮತ್ತೊಮ್ಮೆ ಗೆದ್ದ. ಊರು ಯಾರದು, ನೇಗಿಲೆಷ್ಟು, ಬೆಲೆಯೆಷ್ಟು, ಎಲ್ಲವನ್ನೂ ಲ್ಯಾಟಿನ್ನಿನಲ್ಲಿ ಬರೆಸಿದ. ಉಳುವವರ ಬಾಯಲ್ಲಿ ಇದ್ದದ್ದು ಇಂಗ್ಲಿಷು.

ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್‌ಟನ್ ನೋಡಿ. ಮೊದಲು ಟೋಚಿ ಎಂಬಾತನ ಊರು. ಈಗ ಜೆಫ್ರಿ ಅಲ್ಸೆಲಿನ್ ಒಡೆಯ, ಅವನ ಕೈಕೆಳಗೆ ವಾಲ್ಟರ್. ಮೂವರಿಗೂ ಹೆಸರುಂಟು. ಮಿಕ್ಕವರು? ಒಕ್ಕಲು 22, ತುಂಡು ನೆಲದವರು 7, ಗುಲಾಮರು 5, ಗುಲಾಮ ಹೆಂಗಸು 1. ಒಕ್ಕಲು ಮತ್ತು ತುಂಡು ನೆಲದವರೆಲ್ಲ ಸೇರಿ 5 ನೇಗಿಲು, ವಾಲ್ಟರನೊಬ್ಬನಿಗೇ 1. ಹುಲ್ಲುಗಾವಲು 40 ಎಕರೆ. ಮೊದಲು 9 ಪೌಂಡು ಬಾಳುತ್ತಿದ್ದ ಊರು ಈಗ 6 ಪೌಂಡು. ಇಳಿದ 3 ಪೌಂಡು ಪುಸ್ತಕಕ್ಕೆ ಕಂಡಿದೆ. ಯಾರ ಹೊಟ್ಟೆ ಇಳಿಯಿತು ಅನ್ನೋದು ಕಂಡಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಆ 1. ಒಕ್ಕಲುಗಳ ಹೆಂಡಿರು ಮಕ್ಕಳು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಮನೆಗೊಂದು ಗಂಡಸು, ಅಷ್ಟೆ. ಹಾಗಾದರೆ ಈಕೆ ಹೇಗೆ ಒಳಗೆ ಬಂದಳು? ಒಡೆಯನ ಆಸ್ತಿಯಾಗಿ ಬಂದಳು. ಸ್ವತಂತ್ರಳಾಗಿದ್ದಿದ್ದರೆ ಆ ಒಂದು ಗೀಟೂ ಸಿಕ್ಕುತ್ತಿರಲಿಲ್ಲ. ಇಡೀ ಪುಸ್ತಕದಲ್ಲಿ ಲೆಕ್ಕಕ್ಕೆ ಸಿಕ್ಕ ಜನರಲ್ಲಿ ಸುಮಾರು ಹತ್ತಕ್ಕೊಬ್ಬರು ಗುಲಾಮರು.

ಈ ಪುಸ್ತಕ ಇಲ್ಲದಿದ್ದರೆ ಅವಳು ಇದ್ದಳೆಂಬುದೂ ನಮಗೆ ತಿಳಿಯುತ್ತಿರಲಿಲ್ಲ, ನಿಜ. ಅದಕ್ಕಾಗಿ ಪುಸ್ತಕ ಓದಬೇಕು, ಬರೆಸಿದವನ ಪಾದ ಹಿಡಿಯಬೇಕಾಗಿಲ್ಲ. ಅಲ್ಲಿಯ ಜನ ಹಿಡಿಯಲೂ ಇಲ್ಲ. ಡೂಮ್ಸ್‌ಡೇ, ಅಂದರೆ ಕಡೇ ತೀರ್ಪಿನ ದಿನ ಅಂತ ಹೆಸರಿಟ್ಟವರು ಅವರೇ. ಇದರಲ್ಲಿ ಬರೆದದ್ದಕ್ಕೆ ಮೇಲ್ಮನವಿ ಇಲ್ಲ ಅನ್ನೋದು ಅದರ ಅರ್ಥವೆಂದು 12ನೆಯ ಶತಮಾನದಲ್ಲಿ ರಾಜನ ಖಜಾನೆಯ ರಿಚರ್ಡ್ ಫಿಟ್ಸ್‌ನೀಲನೇ ಬರೆದಿಟ್ಟಿದ್ದಾನೆ. ಈ ಪುಸ್ತಕದ ಮೊದಲ ವಿಮರ್ಶಕರು ಅವರು, ಅಕ್ಷರ ಬಾರದವರು. ಒಂದೇ ಮಾತಿನಲ್ಲಿ ವಿಮರ್ಶೆ ಮುಗಿಸಿದರು.

ಲ್ಯಾಕ್ಸ್‌ಟನ್ನಿನಲ್ಲಿ ಇವತ್ತಿಗೂ ಬಯಲು ಹೊಲಗಳನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡು ಉಳುತ್ತಾರೆ. ಹಳೇ ಪದ್ಧತಿ ಉಳಿದಿದೆ ಎಂದು ಜನ ನೋಡಲು ಬರುತ್ತಾರೆ. ನೋಡಲಿ. ಆ ಸಾಲುಗಳಲ್ಲಿ ಯಾರು ಬಗ್ಗಿದ್ದರು ಅಂತಲೂ ಕೇಳಲಿ.

ಗೆಳೆಯರೆ, ನಾವು ಕವಿಗಳು. ಅವಳಿಗೊಂದು ಚೆಂದದ ಹೆಸರು ಕಟ್ಟಿ ಪದ್ಯ ಬರೆಯಲು ನನಗೂ ಕೈ ತುರಿಸಿತು. ಬರೆಯಲಿಲ್ಲ. ಹೆಸರು ಕೊಟ್ಟರೆ ಬರೆಸಿದವನ ತಪ್ಪನ್ನು ನಾನೇ ಮುಚ್ಚಿದ ಹಾಗೆ. ಆ ಜಾಗ ಖಾಲಿಯೇ ಇರಲಿ. ಓದುವವನ ಕಣ್ಣಿಗೆ ಚುಚ್ಚುತ್ತಿರಲಿ.